ದೇವರ ಮೇಲೆ ಭಾರ, ವೆಂಟಿಲೇಟರ್ ಮೇಲೆ ಉಸಿರು

ಗುಡೇಮಾರನಹಳ್ಳಿ ಸೇರಿದಂತೆ ಮಾಗಡಿ ಸೀಮೆಯ ಊರುಗಳಿಗೆ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಹೊರಗಿನವರಲ್ಲ. ಅವರು ಹುಟ್ಟಿದ ವೀರಾಪುರ ಇದೇ ಸೀಮೆಯದು. 2018ರ ಡಿಸೆಂಬರಿನಲ್ಲಿ, 111ರ ವಯಸ್ಸಿನಲ್ಲಿ, ಪಿತ್ತನಾಳದ ತೊಂದರೆಗೆ ಚೆನ್ನೈನಲ್ಲಿ ಅವರಿಗೆ ಆಪರೇಷನ್ ಆಯಿತು. ಆಮೇಲೆ ಶ್ವಾಸಕೋಶದ ಸೋಂಕು, ತುಮಕೂರಿನ ಆಸ್ಪತ್ರೆ. 2019ರ ಜನವರಿ 16ರಂದು ಅವರ ಇಚ್ಛೆಯಂತೆ ಮಠಕ್ಕೆ ಕರೆತಂದರು. ವೈದ್ಯರು ಅಲ್ಲೇ ಆರೈಕೆ ಮುಂದುವರಿಸಿದರು. 21ರಂದು ಲಿಂಗೈಕ್ಯರಾದರು. ಭಕ್ತರ ಶ್ರದ್ಧೆ ಆಪರೇಷನ್ನಿಗೂ ಅಡ್ಡ ಬರಲಿಲ್ಲ, ಮಠಕ್ಕೆ ಮರಳುವುದಕ್ಕೂ ಅಡ್ಡ ಬರಲಿಲ್ಲ.

ದೈವಭಕ್ತರು ಸಾವನ್ನು ಬೇಗ ಒಪ್ಪಿಕೊಳ್ಳುತ್ತಾರೆಂಬುದು ನಮ್ಮ ಊಹೆ. ಅಮೆರಿಕದಲ್ಲಿ ಉಲ್ಬಣಿಸಿದ ಕ್ಯಾನ್ಸರಿನ 345 ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳಿತು. ಕಾಯಿಲೆಯನ್ನು ಎದುರಿಸಲು ದೇವರನ್ನು ಹೆಚ್ಚು ನೆಚ್ಚಿದವರಲ್ಲಿ ಶೇ 11.3ರಷ್ಟು ಮಂದಿಗೆ ಕೊನೆಯ ವಾರ ವೆಂಟಿಲೇಟರ್ ಹಾಕಲಾಗಿತ್ತು. ಅಷ್ಟಾಗಿ ನೆಚ್ಚದವರಲ್ಲಿ ಶೇ 3.6. ಪವಾಡಕ್ಕೂ ಒಂದಿಷ್ಟು ಸಮಯ ಬೇಕಲ್ಲವೇ! 2013ರ ಇನ್ನೊಂದು ಅಧ್ಯಯನ ಇದಕ್ಕಿಂತ ಕುತೂಹಲದ್ದು. ಚರ್ಚಿನಂಥ ಧಾರ್ಮಿಕ ಬಳಗದ ಆಸರೆ ಗಟ್ಟಿಯಾಗಿದ್ದವರು ಐಸಿಯುನಲ್ಲಿ ಸಾಯುವುದು ಹೆಚ್ಚಾಗಿತ್ತು. ಆದರೆ ಅಂಥವರ ನಂಬಿಕೆಗೆ ವೈದ್ಯ ತಂಡವೂ ಕಿವಿಗೊಟ್ಟಿದ್ದರೆ, ನೋವು ತಗ್ಗಿಸುವ ಹಾಸ್ಪಿಸ್ ಆರೈಕೆಯತ್ತ ಹೊರಳಿದವರು ಹೆಚ್ಚು. ಹಾಗಾಗಿ ಭಕ್ತಿ ಎಷ್ಟಿದೆ ಎಂಬುದಕ್ಕಿಂತ, ಅದರ ಬಗ್ಗೆ ಡಾಕ್ಟರು ಕೇಳಿದರೇ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ನಮ್ಮ ಹಳ್ಳಿಗಳಲ್ಲಿ ಡಾಕ್ಟರು "ಮನೆಗೆ ಕರ್ಕೊಂಡು ಹೋಗಿ" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆಮೇಲೆ ಕಾಡುವುದು ಊಟದ ಚಿಂತೆ. ಹಸಿದ ಹೊಟ್ಟೆಯಲ್ಲಿ ಕಳಿಸಿದ ಪಾಪ ಯಾರಿಗೆ ಬೇಕು? ಆದರೆ ದೇಹ ಮುಗಿಯುತ್ತಾ ಬಂದಂತೆ ಹಸಿವು ತಾನಾಗಿ ಇಂಗುತ್ತದೆ. ಹೃದಯ, ಮೂತ್ರಪಿಂಡ ಸೋತಾಗ ಒತ್ತಾಯದಿಂದ ಏರಿಸಿದ ಡ್ರಿಪ್ಪಿನ ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ತುಂಬಿ ಉಸಿರಾಟವನ್ನೇ ಕಷ್ಟ ಮಾಡಬಹುದು. ಆಗಿನ ಬಾಯಾರಿಕೆ ಬಹುಮಟ್ಟಿಗೆ ಒಣಗಿದ ಬಾಯಿಯದು. ತುಟಿ, ನಾಲಿಗೆ ಒದ್ದೆ ಮಾಡಿದರೆ ಹಿತ. ತೀರ್ಥ ಬಿಡುವವರು ಮಾಡುವುದೂ ಬಹುತೇಕ ಅದನ್ನೇ. ನುಂಗುವ ಶಕ್ತಿ ಕುಂದಿರುವುದರಿಂದ ಉದ್ಧರಣೆ ತುಂಬ ಬೇಡ, ಹನಿ ಸಾಕು.

ಇನ್ನು ಕಾನೂನಿನ ಮಾತು. ಗುಣವಾಗುವ ಸಾಧ್ಯತೆಯಿಲ್ಲದ ರೋಗಿಗೆ ಯಂತ್ರದ ಆಸರೆ ತೆಗೆಯುವುದನ್ನು, ಅಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿತು; 2023ರಲ್ಲಿ ನಿಯಮ ಸಡಿಲಿಸಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಅದರ ಜಾರಿಗೆ ಆದೇಶ ಹೊರಡಿಸಿತು. ಯಂತ್ರ ತೆಗೆಯಲು ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಪತ್ರಕ್ಕೆ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಜಮೀನಿನ ಕಾಗದಕ್ಕೆಂದು ಮಾಗಡಿಗೆ ಹೋಗಿ ನೋಟರಿ ಹುಡುಕುವವರು, ಬುದ್ಧಿ ಸ್ವಾಧೀನದಲ್ಲಿರುವಾಗಲೇ ಇದನ್ನೂ ಮಾಡಿಸಿಟ್ಟುಕೊಳ್ಳಬಹುದು.