ಬ್ಲಾಕ್‌ಚೈನ್ ದಾಖಲೆಯನ್ನು ಏಕೆ ತಿದ್ದಲಾಗದು?

ಮಾಲು ಮಾರಿದಾಗ ತೂಕ, ದರ್ಜೆ, ದರಗಳನ್ನು ಬರೆದ ದಾಖಲೆಯೇ ಬೆಳೆಗಾರರಿಗೆ ಆಧಾರ. ಅದನ್ನು ಆಮೇಲೆ ಯಾರಾದರೂ ತಿದ್ದಿದರೆ ನಷ್ಟ ಬೆಳೆಗಾರರದೇ. ಇದನ್ನು ತಡೆಯಬಲ್ಲ ಗಣಕಯಂತ್ರದ ದಾಖಲೆ ಪದ್ಧತಿಯೇ ಬ್ಲಾಕ್‌ಚೈನ್. 2009ರಲ್ಲಿ ಬಿಟ್‌ಕಾಯಿನ್ ಎಂಬ ಗಣಕ ನಾಣ್ಯದೊಡನೆ ಇದು ಬಳಕೆಗೆ ಬಂತು. ನಮ್ಮ ಕಾಫಿ ಮಂಡಳಿಯೂ 2019ರ ಮಾರ್ಚ್‌ನಲ್ಲಿ ಈ ಪದ್ಧತಿಯ ಕಾಫಿ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು.

ಪುಟಗಳ ಸರಪಳಿ: ಇದನ್ನು ಒಂದು ಕಿರ್ದಿ ಪುಸ್ತಕವೆಂದು ಭಾವಿಸಿರಿ. ಒಂದೊಂದು ಪುಟವೂ ಒಂದು ‘ಬ್ಲಾಕ್’. ಪುಟದ ಬರಹವನ್ನೆಲ್ಲ ಒಂದು ಗಣಿತ ಸೂತ್ರಕ್ಕೆ ಒಳಪಡಿಸಿದಾಗ ಅದರದೇ ಆದ ಗುರುತೊಂದು ದೊರೆಯುತ್ತದೆ. ಇದಕ್ಕೆ ‘ಹ್ಯಾಶ್’ ಎಂದು ಹೆಸರು. 40 ಚೀಲ ಎಂಬುದನ್ನು 30 ಎಂದು ತಿದ್ದಿದರೆ ಸಾಕು, ಗುರುತು ಪೂರ್ತಿ ಬೇರೆಯಾಗುತ್ತದೆ. ಹಳೆಯ ಗುರುತೇ ಬರುವಂತೆ ಸುಳ್ಳು ಬರಹವನ್ನು ಹೊಂದಿಸುವುದು ಇಂದಿನ ಯಂತ್ರಗಳಿಂದ ಆಗದ ಕೆಲಸ.

ಪ್ರತಿ ಪುಟದ ಗುರುತನ್ನು ಅದರ ಮುಂದಿನ ಪುಟದಲ್ಲಿ ಬರೆದಿರುತ್ತದೆ. ಆದುದರಿಂದ 10ನೇ ಪುಟವನ್ನು ತಿದ್ದಿದರೆ ಅದು 11ನೇ ಪುಟದಲ್ಲಿರುವ ಗುರುತಿಗೆ ತಾಳೆಯಾಗದು. 11ನ್ನೂ ತಿದ್ದಿದರೆ 12ಕ್ಕೆ ತಾಳೆಯಾಗದು. ಹೀಗೆ ಕೊನೆಯ ಪುಟದವರೆಗೂ ತಿದ್ದುತ್ತಲೇ ಹೋಗಬೇಕಾಗುತ್ತದೆ.

ಹಲವರಲ್ಲಿ ಪ್ರತಿ: ಪುಸ್ತಕ ಒಬ್ಬನ ಬಳಿಯೇ ಇದ್ದರೆ ಆತ ಎಲ್ಲ ಪುಟಗಳನ್ನೂ ಹೊಸದಾಗಿ ಬರೆದಾನು. ಆದರೆ ಇದರ ಪ್ರತಿಗಳು ಜಾಲದ ಹಲವು ಗಣಕಯಂತ್ರಗಳಲ್ಲಿರುತ್ತವೆ. ಉಳಿದವುಗಳಿಗೆ ಹೊಂದದ ಪ್ರತಿಯನ್ನು ಜಾಲ ಒಪ್ಪುವುದಿಲ್ಲ. ಬಿಟ್‌ಕಾಯಿನ್‌ನಲ್ಲಂತೂ ಒಂದು ಪುಟ ಸೇರಿಸಲು ಜಾಲದ ಯಂತ್ರಗಳು ಪೈಪೋಟಿಯಿಂದ ಸರಾಸರಿ 10 ನಿಮಿಷ ಲೆಕ್ಕ ಮಾಡುತ್ತವೆ. ಹಳೆಯ ಪುಟವನ್ನು ತಿದ್ದುವವನು ಅವೆಲ್ಲವನ್ನೂ ಮೀರಿಸುವ ವೇಗದಲ್ಲಿ ಲೆಕ್ಕ ಮಾಡಬೇಕು.

ಮಿತಿಗಳು: ಪ್ರತಿಗಳು ಕೆಲವರ ಕೈಯಲ್ಲಷ್ಟೇ ಇದ್ದು ಅವರೆಲ್ಲ ಒಂದಾದರೆ ಈ ಭದ್ರತೆ ಉಳಿಯದು. ದೊಡ್ಡ ಜಾಲದಲ್ಲೂ ಬಹುಪಾಲು ಸದಸ್ಯರು ಒಪ್ಪಿದರೆ ಬದಲಾವಣೆ ಸಾಧ್ಯ. 2016ರಲ್ಲಿ ಈಥೀರಿಯಂ ಜಾಲದವರು ಕಳುವಾದ ಹಣವನ್ನು ಹಿಂದಿರುಗಿಸಲು ಹೀಗೆಯೇ ಲೆಕ್ಕವನ್ನು ಬದಲಿಸಿದರು.

ಇನ್ನೊಂದು ಮುಖ್ಯ ವಿಷಯವನ್ನು ನೆನಪಿನಲ್ಲಿಡಬೇಕು. ಬ್ಲಾಕ್‌ಚೈನ್ ಬರಹವನ್ನು ಕಾಯುತ್ತದೆ, ತಕ್ಕಡಿಯನ್ನಲ್ಲ. ತೂಕ ತಪ್ಪಾಗಿ ನಮೂದಾದರೆ ಆ ತಪ್ಪೇ ಭದ್ರವಾಗಿ ಉಳಿಯುತ್ತದೆ. ಸರಿಯಾದ ಅಂಕಿಯನ್ನು ಹೊಸ ನಮೂದಾಗಿ ಸೇರಿಸಬಹುದು, ಹಳೆಯದನ್ನು ಅಳಿಸಲಾಗದು. ಆದುದರಿಂದ ರೈತ ಬಾಂಧವರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ತೂಕ, ತೇವಾಂಶ ಮತ್ತು ದರ್ಜೆಯನ್ನು ನಿಮ್ಮೆದುರಿಗೇ ಪರೀಕ್ಷಿಸಿ.
2. ನಮೂದಿಗೆ ಒಪ್ಪಿಗೆ ಕೊಡುವ ಮುನ್ನ ಅಂಕಿಗಳನ್ನು ಎರಡು ಸಲ ಓದಿ.
3. ನಿಮ್ಮ ಪಾಸ್‌ವರ್ಡ್ ಅನ್ನು ಯಾರಿಗೂ ಹೇಳಬೇಡಿ.
4. ದಾಖಲೆಯ ಪ್ರತಿಗಳು ಯಾರ ಯಾರ ಬಳಿ ಇವೆ ಎಂಬುದನ್ನು ವಿಚಾರಿಸಿ ತಿಳಿಯಿರಿ.