ಮಾತ್ರೆ ಸರ್ಕಾರ ಕೊಡುತ್ತೆ, ಧೈರ್ಯ ಕೊಡೋರು ಯಾರು?

ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿಗೆ 2004ರಿಂದಲೂ ಉಚಿತ ಔಷಧ ಸಿಗುತ್ತಿದೆ. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ. ತಪ್ಪದೆ ತೆಗೆದುಕೊಂಡರೆ ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾಗುತ್ತೆ. ಅದೇ ಮಟ್ಟದಲ್ಲಿ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡೋದಿಲ್ಲ.

ಹಾಗಿದ್ದೂ ಕೆಲವರು ಮಾತ್ರೆ ನಿಲ್ಲಿಸ್ತಾರೆ, ಯಾಕೆ? ಮನೆಯವರಿಗೆ ಡಬ್ಬಿ ಕಂಡೀತು ಅನ್ನೋ ಭಯ. ಆಸ್ಪತ್ರೆ ಸಾಲಿನಲ್ಲಿ ಊರಿನವರು ನೋಡಿಬಿಟ್ಟರೆ ಅನ್ನೋ ಆತಂಕ. ಬಸ್ ಚಾರ್ಜು, ಒಂದು ದಿನದ ಕೂಲಿ ನಷ್ಟ. ಇದಕ್ಕೆಲ್ಲ ವೈದ್ಯರ ಚೀಟಿಯಲ್ಲಿ ಔಷಧ ಇರೋದಿಲ್ಲ.

ಇಲ್ಲಿ ನೆರವಾಗುವವರು ಪೀರ್ ಎಜುಕೇಟರ್‌ಗಳು. ಅಂದರೆ, ಅದೇ ಬದುಕನ್ನು ಕಂಡು, ತರಬೇತಿ ಪಡೆದು, ಇನ್ನೊಬ್ಬರ ಜೊತೆ ನಿಲ್ಲುವವರು. 1992ರಲ್ಲಿ ಕೋಲ್ಕತ್ತಾದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಶುರು ಮಾಡಿದ ಯೋಜನೆಯಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಆರೋಗ್ಯ ಶಿಕ್ಷಕಿಯರಾದರು. ನಮ್ಮ ಮೈಸೂರಿನ ಆಶೋದಯ ಸಮಿತಿಯೂ ಲೈಂಗಿಕ ಕಾರ್ಯಕರ್ತರೇ ಕಟ್ಟಿದ್ದು. ಹೊರಗಿನ ಸಮುದಾಯಗಳಿಗೂ ಅದು ತರಬೇತಿ ಕೊಟ್ಟಿದೆ.

ಈ ತರಬೇತಿಯಲ್ಲಿ ರೋಗದ ಮಾಹಿತಿ ಒಂದು ಭಾಗ ಅಷ್ಟೇ. ಉಪದೇಶ ಮಾಡದೆ ಕೇಳಿಸಿಕೊಳ್ಳೋದನ್ನು ಕಲೀಬೇಕು. "ಯಾಕೆ ಮಾತ್ರೆ ಬಿಟ್ಟೆ?" ಅಂತ ಗದರಿಸಿದರೆ ಎದುರಿನವರು ಮುಂದಿನ ಸಲ ಸುಳ್ಳು ಹೇಳ್ತಾರೆ. "ಯಾವ ಹೊತ್ತಿಗೆ ತಗೊಳ್ಳೋದು ಕಷ್ಟ ಆಗ್ತಿದೆ?" ಅಂದರೆ ದಾರಿ ಹುಡುಕಬಹುದು. ತನ್ನ ಮಿತಿಯೂ ಗೊತ್ತಿರಬೇಕು: ಕೆಮ್ಮು, ಜ್ವರ, ತೂಕ ಇಳಿಕೆ ಕಂಡರೆ ಟಿಬಿ ಇರಬಹುದು, ತಾನೇ ಮದ್ದು ಹೇಳದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲ್ಲಕ್ಕಿಂತ ಮುಖ್ಯ, ಗುಟ್ಟು ಕಾಯೋದು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಎಚ್‌ಐವಿ ಕಾಯ್ದೆ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವರ ಎಚ್‌ಐವಿ ಸ್ಥಿತಿ ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ. ಉದ್ಯೋಗ, ಶಿಕ್ಷಣ, ಬಾಡಿಗೆ ಮನೆ, ಚಿಕಿತ್ಸೆಯಲ್ಲಿ ತಾರತಮ್ಯವನ್ನೂ ನಿಷೇಧಿಸುತ್ತದೆ. ದೂರು ಕೇಳಲು ಪ್ರತಿ ರಾಜ್ಯದಲ್ಲೂ ಓಂಬುಡ್ಸ್‌ಮನ್ ಇರಬೇಕು ಅನ್ನುತ್ತೆ. ಪೀರ್ ಎಜುಕೇಟರ್‌ಗೆ ಈ ಕಾಯ್ದೆ ಗೊತ್ತಿದ್ದರೆ, ಕೆಲಸ ಕಳೆದುಕೊಂಡವರಿಗೆ ಸಮಾಧಾನದ ಜೊತೆ ದೂರು ಕೊಡುವ ದಾರಿಯನ್ನೂ ತೋರಿಸಬಲ್ಲರು.

ಇಷ್ಟೆಲ್ಲ ಹೊಣೆ ಹೊತ್ತವರಿಗೆ ಸಿಗೋದು ಏನು? ನ್ಯಾಕೋದ ತಡೆಗಟ್ಟುವಿಕೆ ಯೋಜನೆಗಳ ಮಾನದಂಡದಲ್ಲಿ ಸುಮಾರು 60 ಲೈಂಗಿಕ ಕಾರ್ಯಕರ್ತೆಯರಿಗೆ ಒಬ್ಬ ಪೀರ್ ಎಜುಕೇಟರ್. ಕೊಡೋದು ಸಂಬಳ ಅಲ್ಲ, ಗೌರವಧನ. ಆಶಾ ಕಾರ್ಯಕರ್ತೆಯರ ಹೋರಾಟ ನೋಡಿದ ನಮಗೆ ಈ ಪದದ ಅರ್ಥ ಚೆನ್ನಾಗೇ ಗೊತ್ತು. ಅನುಭವವನ್ನು ಅರ್ಹತೆ ಅಂತ ಒಪ್ಪಿಕೊಂಡ ಮೇಲೆ, ಅದಕ್ಕೆ ತಕ್ಕ ವೇತನವನ್ನೂ ಕೊಡಬೇಕಲ್ವಾ?