ವಿದ್ಯಾಲಯದ ಆವರಣದಲ್ಲಿ ಬಂದೂಕು: ಅಮೆರಿಕದ ಕಾನೂನುಗಳು

ಸುವರ್ಣ ಮಹೋತ್ಸವದ ಸಿದ್ಧತಾ ಸಭೆಗೆಂದು ತಾಳವಾಡಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಸಭೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, "ಮೇಷ್ಟ್ರೇ, ಮಗಳಿಗೆ ಅಮೆರಿಕದ ಟೆಕ್ಸಾಸಿನಲ್ಲಿ ಸೀಟು ಸಿಕ್ಕಿದೆ. ಅಲ್ಲಿ ಹುಡುಗರು ಪಿಸ್ತೂಲು ಇಟ್ಟುಕೊಂಡೇ ಪಾಠಕ್ಕೆ ಬರಬಹುದಂತೆ, ನಿಜವೇ?" ಎಂದು ಕೇಳಿದರು. ನಾನು ಮೆಟ್ರಿಕ್ಕಿಗೆ ನಿಂತವನು. ಆದರೂ ಶಿಷ್ಯ ಕೇಳಿದ ಪ್ರಶ್ನೆಗೆ ಉತ್ತರ ಹುಡುಕದೆ ಬಿಡುವುದು ಮೇಷ್ಟ್ರಾದವನಿಗೆ ಶೋಭಿಸದು. ಹುಡುಕಿದೆ. ನಿಜವೇ ಆಗಿದೆ. ಆದರೆ ಕೆಲವು ಕಟ್ಟುಪಾಡುಗಳೊಡನೆ.

ನಮ್ಮ ಸೀಮೆಯಲ್ಲಿ ಬಂದೂಕೆಂದರೆ ಜಿಲ್ಲಾಧಿಕಾರಿಗಳ ಪರವಾನಗಿ ಬೇಕಾದ, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕಾದ ವಸ್ತು. ಅಮೆರಿಕದಲ್ಲಾದರೋ ಅದು ಹಕ್ಕು. 1791ರಲ್ಲಿ ಅಂಗೀಕೃತವಾದ ಸಂವಿಧಾನದ ಎರಡನೆಯ ತಿದ್ದುಪಡಿ ಪ್ರಜೆಗಳಿಗೆ ಆಯುಧ ಹೊಂದುವ ಅಧಿಕಾರವನ್ನು ನೀಡಿದೆ. ಇದು ವ್ಯಕ್ತಿಗೆ ಸೇರಿದ ಹಕ್ಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಶಾಲೆಗಳಂಥ ಸೂಕ್ಷ್ಮ ಸ್ಥಳಗಳಲ್ಲಿ ಹಿಂದಿನಿಂದ ಬಂದ ನಿಷೇಧಗಳನ್ನು ಈ ತೀರ್ಪು ಅಲುಗಾಡಿಸದೆಂದೂ ಹೇಳಿತು. ವಿಶ್ವವಿದ್ಯಾನಿಲಯದ ವಿಚಾರದಲ್ಲಿ ಮಾತ್ರ ರಾಜ್ಯಕ್ಕೊಂದು ಕಾನೂನು.

ನಿಷೇಧವೂ ಅಲ್ಲಿ ಹೊಸದಲ್ಲ. ವರ್ಜೀನಿಯಾ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಯು 1824ರಲ್ಲಿ, ಅಂದರೆ ಪಾಠ ಆರಂಭವಾಗುವುದಕ್ಕೂ ಮೊದಲೇ, ವಿದ್ಯಾರ್ಥಿಗಳು ಆವರಣದೊಳಗೆ ಆಯುಧವನ್ನಾಗಲೀ ಮದ್ದನ್ನಾಗಲೀ ಇಟ್ಟುಕೊಳ್ಳಕೂಡದೆಂದು ನಿಯಮ ಮಾಡಿತು. ಆ ಮಂಡಲಿಯಲ್ಲಿದ್ದವರು ಜೆಫರ್ಸನ್ ಮತ್ತು ಮ್ಯಾಡಿಸನ್. ಎರಡನೆಯ ತಿದ್ದುಪಡಿಯ ಕರಡನ್ನು ಬರೆದವರು ಇದೇ ಮ್ಯಾಡಿಸನ್ನರೆಂಬುದನ್ನು ವಾಚಕರು ಗಮನಿಸಬೇಕು. ನಿಯಮವಿದ್ದರೂ 1840ರಲ್ಲಿ ಮುಖವಾಡ ತೊಟ್ಟ ವಿದ್ಯಾರ್ಥಿಯೊಬ್ಬನು ಜಾನ್ ಡೇವಿಸ್ ಎಂಬ ಕಾನೂನು ಪ್ರಾಧ್ಯಾಪಕರನ್ನು ಅಲ್ಲಿಯೇ ಗುಂಡಿಟ್ಟು ಕೊಂದನು.

ಈ ಶತಮಾನದಲ್ಲಿ ಗಾಳಿ ತಿರುಗಿತು. ಸರ್ಕಾರಿ ವಿಶ್ವವಿದ್ಯಾನಿಲಯಗಳು ಪರವಾನಗಿದಾರರನ್ನು ತಡೆಯಕೂಡದೆಂದು ಯೂಟಾ ರಾಜ್ಯ 2004ರಲ್ಲಿ ವಿಧಿಸಿತು. ಅಲ್ಲಿನ ವಿಶ್ವವಿದ್ಯಾನಿಲಯ ದಾವೆ ಹೂಡಿ 2006ರಲ್ಲಿ ಸೋತಿತು. ಮರುವರ್ಷ, 2007ರ ಏಪ್ರಿಲ್ 16ರಂದು, ವರ್ಜೀನಿಯಾ ಟೆಕ್ ಸಂಸ್ಥೆಯಲ್ಲಿ ಒಬ್ಬ ವಿದ್ಯಾರ್ಥಿಯು 32 ಮಂದಿಯನ್ನು ಕೊಂದನು. ಆ ಮೂವತ್ತೆರಡರಲ್ಲಿ ಜಲವಿಜ್ಞಾನ ಬೋಧಿಸುತ್ತಿದ್ದ ಪ್ರೊಫೆಸರ್ ಜಿ. ವಿ. ಲೋಗನಾಥನ್ ಒಬ್ಬರು. ಅವರು ನಮ್ಮ ಈರೋಡು ಜಿಲ್ಲೆಯ ಗೋಬಿಚೆಟ್ಟಿಪಾಳ್ಯದ ಕಡೆಯವರು. ದಿಂಬಂ ಘಟ್ಟ ಇಳಿದು ಸತ್ಯಮಂಗಲ ದಾಟಿದರೆ ಸಿಗುವ ಊರು. ಪಾಠ ಹೇಳುತ್ತಿದ್ದ ಕೋಣೆಯಲ್ಲಿಯೇ ಅವರ ಪ್ರಾಣ ಹೋಯಿತು.

ಆ ಸಂಸ್ಥೆಯಲ್ಲಿ ಆಗ ಬಂದೂಕಿಗೆ ನಿಷೇಧವಿತ್ತು. ಇದನ್ನೇ ಮುಂದಿಟ್ಟು ಒಂದು ಪಕ್ಷ, "ಫಲಕಕ್ಕೆ ಅಂಜುವವನು ಸಜ್ಜನ ಮಾತ್ರ, ಅವನ ಕೈಯನ್ನೇಕೆ ಬರಿದು ಮಾಡುತ್ತೀರಿ?" ಎಂದು ವಾದಿಸುತ್ತದೆ. ಇನ್ನೊಂದು ಪಕ್ಷ ಹೇಳುವುದಿಷ್ಟು: ನಾಲ್ಕು ಜನರ ಕೈಯಲ್ಲಿ ಪಿಸ್ತೂಲಿದ್ದರೆ ಓಡಿಬಂದ ಪೊಲೀಸರಿಗೆ ಕೊಲೆಗಾರ ಯಾರೆಂದು ತಿಳಿಯುವುದು ಹೇಗೆ? ಹದಿಹರೆಯ, ಕುಡಿತ, ಪರೀಕ್ಷೆಯ ನಿರಾಶೆ ಇವುಗಳ ನಡುವೆ ಆಯುಧವಿದ್ದರೆ ಆತ್ಮಹತ್ಯೆಗೆ ಹಾದಿಯಾಗದೇ? ನಲವತ್ತು ವರ್ಷ ಹುಡುಗರ ನಡುವೆ ಕಳೆದ ನನಗೆ ಎರಡನೆಯ ಮಾತೇ ತೂಕದ್ದೆನಿಸುತ್ತದೆ.

ಟೆಕ್ಸಾಸಿನ ಶಾಸನಕ್ಕೆ 2015ರಲ್ಲಿ ಅಂಕಿತ ಬಿದ್ದು, 2016ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಸರಿಯಾಗಿ ಐವತ್ತು ವರ್ಷ ಹಿಂದೆ, 1966ರ ಅದೇ ದಿನ, ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಗೋಪುರ ಏರಿದ ಒಬ್ಬನು ಕೆಳಗಿದ್ದವರ ಮೇಲೆ ಗುಂಡಿನ ಮಳೆ ಕರೆದಿದ್ದನು. ಅಂದು ಊರವರೂ ತಮ್ಮ ಬೇಟೆಯ ಕೋವಿ ತಂದು ಗೋಪುರದತ್ತ ಹಾರಿಸಿದ್ದರು. ಹೊಸ ಶಾಸನದಂತೆ ಪರವಾನಗಿ ಪಡೆದವರು ಕೈಬಂದೂಕನ್ನು ಕಾಣದಂತೆ ಮರೆಮಾಡಿ ಆವರಣದೊಳಗೆ ತರಬಹುದು. ಹೊರಗೆ ಕಾಣುವಂತೆ ಧರಿಸಕೂಡದು. ಜಾರಿಯಾದಾಗ ಪರವಾನಗಿಗೆ ಸಾಮಾನ್ಯವಾಗಿ 21 ವರ್ಷ ತುಂಬಿರಬೇಕಿತ್ತು. 2021ರಲ್ಲಿ ಆ ರಾಜ್ಯ ಬೀದಿಯಲ್ಲಿ ಪರವಾನಗಿಯ ಅಗತ್ಯವನ್ನೇ ತೆಗೆದರೂ ವಿಶ್ವವಿದ್ಯಾನಿಲಯದೊಳಗೆ ಅದು ಉಳಿಯಿತು. ಖಾಸಗಿ ಸಂಸ್ಥೆಗಳು ಬೇಡವೆನ್ನಬಹುದು. ಹೆಚ್ಚಿನವು ಬೇಡವೆಂದೇ ಹೇಳಿವೆ. ಸರ್ಕಾರಿ ಸಂಸ್ಥೆಗಳಿಗೆ ಒಟ್ಟಾರೆ ನಿಷೇಧಿಸುವ ಅಧಿಕಾರವಿಲ್ಲ. ಪ್ರಯೋಗಾಲಯ, ಹಾಸ್ಟೆಲುಗಳಂಥ ಕೆಲವೆಡೆ ನಿರ್ಬಂಧ ಹಾಕಬಹುದು, ಅಷ್ಟೆ.

ನನ್ನ ಮನಸ್ಸಿಗೆ ನಾಟಿದ ವಿವರವೊಂದಿದೆ. ಆಸ್ಟಿನ್ನಿನ ನಿಯಮದಂತೆ ಪ್ರಾಧ್ಯಾಪಕರು ತಮಗೊಬ್ಬರಿಗೇ ಕೊಟ್ಟ ಕೋಣೆಯೊಳಗೆ ಬಂದೂಕು ಬೇಡವೆನ್ನಬಹುದಿತ್ತು. ಆದರೆ ಅದನ್ನು ಬಾಯಿಮಾತಿನಲ್ಲಿಯೇ ತಿಳಿಸಬೇಕಿತ್ತು. ತರಗತಿಯಲ್ಲಿ ಆ ಅಧಿಕಾರವೂ ಇಲ್ಲ. ಮೂವರು ಪ್ರಾಧ್ಯಾಪಕಿಯರು ಇದರಿಂದ ಮುಕ್ತ ಚರ್ಚೆಗೆ ಭಂಗವೆಂದು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ತಳ್ಳಿಹಾಕಿತು. ಹ್ಯೂಸ್ಟನ್ನಿನಲ್ಲಂತೂ ಅಧ್ಯಾಪಕರ ಸಭೆಯೊಂದರಲ್ಲಿ, ಉದ್ರೇಕ ಹುಟ್ಟಿಸುವ ವಿಷಯಗಳನ್ನು ಎಚ್ಚರದಿಂದ ಪಾಠ ಮಾಡಿ, ಬೇಕಾದರೆ ಕೆಲವನ್ನು ಕೈಬಿಡಿ ಎಂಬ ಸಲಹೆ ಬಂದಿತ್ತು. ಶಿಷ್ಯನ ಸಿಟ್ಟಿಗೆ ಹೆದರಿ ಪಾಠವನ್ನೇ ಬಿಡುವ ಪ್ರಸಂಗ ನಮ್ಮ ಕಾಲದಲ್ಲಿ ಕಂಡಿದ್ದಿಲ್ಲ.

ಇದು ಟೆಕ್ಸಾಸಿನ ಮಾತು. ಜಾರ್ಜಿಯಾ 2017ರಲ್ಲಿ ಅನುಮತಿ ನೀಡಿ, ಹಾಸ್ಟೆಲು ಮತ್ತು ಕ್ರೀಡಾಂಗಣಗಳನ್ನು ಹೊರಗಿಟ್ಟಿತು. ಟೆನ್ನೆಸ್ಸೀ 2016ರಲ್ಲಿ ಪೂರ್ಣಾವಧಿ ನೌಕರರಿಗೆ ಮಾತ್ರ ಕೊಟ್ಟಿತು. ಪಶ್ಚಿಮ ವರ್ಜೀನಿಯಾದ ಕಾನೂನು 2024ರ ಜುಲೈಯಲ್ಲಿ ಜಾರಿಯಾಯಿತು. ಕ್ಯಾಲಿಫೋರ್ನಿಯಾ ಮಾತ್ರ 2015ರ ಶಾಸನದಿಂದ, ಪರವಾನಗಿದಾರರಿಗೆ ಇದ್ದ ವಿನಾಯಿತಿಯನ್ನೂ ರದ್ದುಪಡಿಸಿತು.

ಆದ್ದರಿಂದ ರಾಜ್ಯದ ಕಾನೂನನ್ನೂ ಆಯಾ ವಿಶ್ವವಿದ್ಯಾನಿಲಯದ ನಿಯಮಾವಳಿಯನ್ನೂ ಹಣ ಕಟ್ಟುವ ಮೊದಲೇ ಓದಿಸಿರೆಂದು ನನ್ನ ಶಿಷ್ಯರಿಗೆ ಹೇಳಿದೆ. ಹಾಸ್ಟೆಲಿನ ನಿಯಮವೇನು, ರಾತ್ರಿ ಗ್ರಂಥಾಲಯದಿಂದ ಕೋಣೆಗೆ ಮರಳಲು ವಾಹನವಿದೆಯೇ, ಅಪಾಯದ ಸೂಚನೆ ಮೊಬೈಲಿಗೆ ಬರುವ ಏರ್ಪಾಡಿದೆಯೇ ಎಂದು ಹುಡುಗಿಯೇ ಬರೆದು ವಿಚಾರಿಸಿದಳಂತೆ. ಉತ್ತರ ಬಂದಿದೆ. ಆಗಸ್ಟಿನಲ್ಲಿ ಹೊರಡುವವಳಿದ್ದಾಳೆ.